ಕೂತು ಆಡುವ ಆಟ

ಎದುರು ಕೂತವನ ಸ್ಟ್ರೈಕರಿನ ಮೇಲೆ ಇರಬೇಕಾದ ತ್ಯಾಂಪಣ್ಣ ರೈಯ ಕಣ್ಣು ಮತ್ತೆ ಮತ್ತೆ ಬಾಗಿಲಿನ ಕಡೆಗೆ ಓಡುತ್ತಿತ್ತು. ಮೂರೂವರೆ ದಾಟಿತು, ಮೆಟ್ಟಿಲಲ್ಲಿ ಮಾವನ ಬೆತ್ತದ ಸದ್ದಿಲ್ಲ. ಅಜ್ಜಾವರದಿಂದ ಜೀಪು ಎರಡಕ್ಕೆ ಹೊರಟಿದ್ದರೆ ಇಷ್ಟು ಹೊತ್ತಿಗೆ ಪುತ್ತೂರಿನ ದರ್ಬೆ ಮುಟ್ಟಬೇಕಿತ್ತು. ತೀರ್ಥರಾಮನ ಜವುಳಿ ಅಂಗಡಿಯ ಮಾಳಿಗೆಯಲ್ಲಿ ಮಿತ್ರವೃಂದದ ಕೇರಂ ಪಂದ್ಯಾಟದ ಫೈನಲು ನಡೆಯುತ್ತಿತ್ತು. ಮೊದಲ ಗೇಮು ಬೋಜಪ್ಪ ಗೌಡನಿಗೆ, ಎರಡನೆಯದು ತನಗೆ, ಈಗ ಮೂರನೆಯದು. ಸುತ್ತ ಬೆಂಚುಗಳಲ್ಲಿ ನಲವತ್ತು ಮಂದಿ ಭಾನುವಾರದ ಊಟ ಮುಗಿಸಿ ಬಂದು, ಅರ್ಧ ಕಣ್ಣಿನಲ್ಲಿ ಆಟವನ್ನೂ ಅರ್ಧ ಕಣ್ಣಿನಲ್ಲಿ ನಿದ್ದೆಯನ್ನೂ ನೋಡಿಕೊಳ್ಳುತ್ತಿದ್ದರು. ಬೋಜಪ್ಪ ಒಂದು ಬಿಳಿ ಕಾಯಿಯನ್ನು ಗುಂಡಿಗೆ ಕಳಿಸಿದ, ಪ್ರಯಾಣಿಕನನ್ನು ಅವನ ಸ್ಟಾಪಿನಲ್ಲಿ ಇಳಿಸಿದ ಹಾಗೆ, ತಿರುಗಿ ನೋಡದೆ. ಅವನು ಸುಳ್ಯ–ಪುತ್ತೂರು ಬಸ್ಸಿನ ಕಂಡಕ್ಟರು. ವಾರಕ್ಕೆ ಆರು ದಿನ ನಿಂತು ದುಡಿಯುವ ಮನುಷ್ಯ ಏಳನೆಯ ದಿನ ಕೂತ ಕ್ರಮ ನೋಡಿದರೆ ಕೂರುವುದೂ ಒಂದು ವಿದ್ಯೆ ಎಂದು ತ್ಯಾಂಪಣ್ಣನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಸಿಟ್ಟೂ ಬಂತು.

ತ್ಯಾಂಪಣ್ಣ ಒಳ್ಳೆಯ ಆಟಗಾರನಲ್ಲ. ಇದು ಅವನಿಗೂ ಗೊತ್ತು, ಅವನಿಗೆ ಸೋತವರಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೆ ಗುಂಡಿ ಇರುವುದು ಬೋರ್ಡಿನ ನಾಲ್ಕು ಮೂಲೆಗಳಲ್ಲಿ ಮಾತ್ರವಲ್ಲ, ಎದುರು ಕೂತವನ ತಲೆಯಲ್ಲಿ ಐದನೆಯದೊಂದು ಉಂಟು, ಅದಕ್ಕೆ ಸರಿಯಾಗಿ ಹಾಕಿದರೆ ಉಳಿದ ನಾಲ್ಕನ್ನು ಅವನೇ ಬಿಟ್ಟುಕೊಡುತ್ತಾನೆ ಎಂಬುದು ಅವನು ಹದಿಮೂರು ವರ್ಷ ಸರಕಾರಿ ಗುಮಾಸ್ತನಾಗಿ ಕೂತು ಕಲಿತ ಪಾಠ. ದರ್ಜಿ ಆದಂ ಕುಂಞಿಯನ್ನು ಸೋಲಿಸಿದ್ದು ಬರೀ ಹೊಗಳಿ. ಹೊಡೆಯುವ ಮೊದಲು ಕಿರುಬೆರಳನ್ನು ಹೀಗೆ ಎತ್ತುತ್ತೀರಲ್ಲ ಮಾರಾಯ್ರೆ, ಎಲ್ಲ ಗುಟ್ಟು ಅದರಲ್ಲೇ ಉಂಟು, ಎಂದಿದ್ದ. ತನಗೊಂದು ಕಿರುಬೆರಳು ಇರುವುದನ್ನೇ ನಲವತ್ತು ವರ್ಷ ಗಮನಿಸದ ಆ ಪಾಪದ ಮನುಷ್ಯ ಆಮೇಲೆ ಬೋರ್ಡನ್ನು ಬಿಟ್ಟು ಅದನ್ನೇ ನೋಡತೊಡಗಿದ. ಸೋತು ಮೆಟ್ಟಿಲಿಳಿಯುವಾಗಲೂ ಎತ್ತಿ ಇಳಿಸಿ ಪರೀಕ್ಷಿಸುತ್ತಿದ್ದ. ಆ ವಾರ ಅವನು ಹೊಲಿದ ಕಾಲರುಗಳೆಲ್ಲ ಸೊಟ್ಟ ಎಂದು ಪೇಟೆಯಲ್ಲಿ ಸುದ್ದಿಯಾಯಿತು. ಸೆಮಿಫೈನಲಿನಲ್ಲಿ ತನ್ನದೇ ಆಫೀಸಿನ ಅಚ್ಚುತ. ಅವನಿಗೆ ಹೊಗಳಿಕೆ ಹತ್ತಲಿಲ್ಲ, ಕೆಮ್ಮು ಹತ್ತಿತು. ಅವರ ಮ್ಯಾನೇಜರರು ಕಡತ ಕೇಳುವ ಮೊದಲು ಎರಡು ಸಣ್ಣ ಒಂದು ದೊಡ್ಡ ಕೆಮ್ಮುತ್ತಾರೆ. ಅಚ್ಚುತ ಕೆಂಪು ಕಾಯಿಗೆ ಗುರಿಯಿಟ್ಟ ಹೊತ್ತಿಗೆ ತ್ಯಾಂಪಣ್ಣ ಕರವಸ್ತ್ರದೊಳಗೆ ಅದೇ ಕೆಮ್ಮನ್ನು ಅದೇ ಅಳತೆಯಲ್ಲಿ ಕೆಮ್ಮಿದ. ಅಚ್ಚುತನ ಬೆರಳು ತನ್ನಷ್ಟಕ್ಕೆ ರಜಾ ಅರ್ಜಿ ಬರೆಯುವವನ ಬೆರಳಾಯಿತು. ಮನೆಗೆ ಬಂದು ಇದನ್ನು ಹೇಳಿ ನಕ್ಕಾಗ ಹೆಂಡತಿ ವಾರಿಜಾಕ್ಷಿ ನಗಲಿಲ್ಲ. ನೀವು ಆಡಿ ಗೆದ್ದದ್ದಲ್ಲ, ಆಡಿಸಿ ಗೆದ್ದದ್ದು, ಎಂದು ಸಾರಿಗೆ ಒಗ್ಗರಣೆ ಹಾಕಿದಳು. ಆ ಚುರ್ ಎಂಬ ಸದ್ದು ಈಗಲೂ ಅವನ ಕಿವಿಯಲ್ಲಿತ್ತು.

ಬೋಜಪ್ಪನಿಗೆ ಮಾತ್ರ ಯಾವುದೂ ಹತ್ತಲಿಲ್ಲ. ಮೊದಲ ಗೇಮಿನಲ್ಲಿ ತ್ಯಾಂಪಣ್ಣ ಅವನ ಮಣಿಕಟ್ಟನ್ನು ಹೊಗಳಿದ. ಬೋಜಪ್ಪ "ಹೌದು" ಎಂದು ಕಾಯಿ ಹಾಕಿದ. ಪೌಡರು ಉದುರಿಸಲು ಎರಡು ನಿಮಿಷ ತೆಗೆದುಕೊಂಡ, ಬೋಜಪ್ಪ ಕಿಟಕಿಯಾಚೆ ಹೋಗುವ ಬಸ್ಸುಗಳನ್ನು ನೋಡುತ್ತ ಕೂತ, ಯಾವುದು ಎಷ್ಟು ಲೇಟು ಎಂದು ಲೆಕ್ಕ ಹಾಕುವವನಂತೆ. ಇನ್ನು ಕೆಮ್ಮೋಣವೆಂದರೆ ಕಂಡಕ್ಟರನಿಗೆ ಯಾರ ಕೆಮ್ಮಿನ ಹೆದರಿಕೆ. ಆದರೆ ತ್ಯಾಂಪಣ್ಣನ ಹತ್ತಿರ ಒಂದು ಕಾಯಿ ಬಾಕಿ ಇತ್ತು. ಅದು ಬೋರ್ಡಿನ ಮೇಲಿರಲಿಲ್ಲ, ಅಜ್ಜಾವರದ ದಾರಿಯಲ್ಲಿ ಜೀಪಿನಲ್ಲಿ ಬರುತ್ತಿತ್ತು.

ಆ ಯೋಚನೆ ಹೊಳೆದದ್ದು ಬುಧವಾರ, ಸಾಹುಲ್ ಹಮೀದಾಕರ ವಾಚ್ ರಿಪೇರಿ ಅಂಗಡಿಯಲ್ಲಿ. ಹಮೀದಾಕರು ಪಂದ್ಯಾಟದ ಅಂಪೈರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಲೋಕದ ಸಣ್ಣ ಚಕ್ರಗಳನ್ನು ಮಾತ್ರ ನಂಬುವ ಮನುಷ್ಯ. ಮಂಗಳೂರಿನಿಂದ ತರಿಸಿದ ನಿಯಮದ ಪುಸ್ತಕ ಅವರ ಮೇಜಿನಲ್ಲಿತ್ತು. ತ್ಯಾಂಪಣ್ಣ ಕೈಗಡಿಯಾರದ ಪಟ್ಟಿ ಬದಲಿಸುವ ನೆವದಲ್ಲಿ ಕೂತು ಪುಟ ಮಗುಚುತ್ತ ಒಂದು ಸಾಲಿಗೆ ಬಂದ: ಆಟ ನಡೆಯುವಾಗ ಅಂಪೈರರ ಅನುಮತಿಯಿಲ್ಲದೆ ಆಟಗಾರ ಆಸನದಿಂದ ಏಳಕೂಡದು, ಎದ್ದರೆ ಫೌಲು, ಹಾಕಿದ ಕಾಯಿಯಲ್ಲಿ ಒಂದು ವಾಪಸು ಬೋರ್ಡಿಗೆ. ಇದನ್ನೆಲ್ಲ ನಮ್ಮಲ್ಲಿ ಯಾರು ಲೆಕ್ಕಕ್ಕಿಡುತ್ತಾರೆ ಹಮೀದಾಕ, ಎಂದು ಅವನು ಬಹಳ ಬೇಸರದಿಂದ ಹೇಳಿದ. ಅಷ್ಟು ಸಾಕಾಯಿತು. ಈ ದಿನ ಆಟ ಶುರುವಾಗುವ ಮೊದಲು ಹಮೀದಾಕರು ಪುಸ್ತಕ ಎತ್ತಿ ಹಿಡಿದು ಘೋಷಿಸಿದರು: "ಕುಂಡೆ ಸ್ಟೂಲು ಬಿಟ್ಟರೆ ಫೌಲ್. ಆಮೇಲೆ ನನ್ನ ಹತ್ರ ಚರ್ಚೆಗೆ ಬರುದು ಬೇಡ." ಎಲ್ಲರೂ ನಕ್ಕರು. ಬೋಜಪ್ಪನೂ ನಕ್ಕು ತಲೆಯಾಡಿಸಿದ. ಆ ನಗುವನ್ನು ಕಂಡು ತ್ಯಾಂಪಣ್ಣ ಮೊದಲ ಸಲ ಬಾಗಿಲಿನ ಕಡೆ ನೋಡಿದ.

ಯಾಕೆಂದರೆ ಮಾವನನ್ನು ಕಂಡರೆ ಬೋಜಪ್ಪ ಏಳುತ್ತಾನೆ ಎಂಬುದನ್ನು ತ್ಯಾಂಪಣ್ಣ ಕಣ್ಣಾರೆ ಕಂಡಿದ್ದ. ಅಜ್ಜಾವರದ ಮನೆಯ ಅಂಗಳ, ಮಾವ ದುಗ್ಗಪ್ಪ ರೈಗಳು ಜಗಲಿಯಲ್ಲಿ. ಬೋಜಪ್ಪನ ಅಪ್ಪ ಮಾಯಿಲಪ್ಪ ಗೌಡ ಅವರ ಒಕ್ಕಲು. ಅಂಗಳಕ್ಕೆ ಬರುವಾಗಲೇ ತಲೆಗೆ ಕಟ್ಟಿದ ಬೈರಾಸು ಕಂಕುಳಿಗೆ ಇಳಿಯುತ್ತಿತ್ತು. ಹೊಸ ಅಕ್ಕಿ ಊಟದ ದಿನ ಒಕ್ಕಲು ಮಕ್ಕಳಿಗೆ ಅಂಗಳದ ಬದಿಯಲ್ಲಿ ಎಲೆ ಹಾಕಿದ್ದರು. ಎಂಟು ವರ್ಷದ ಬೋಜಪ್ಪ ಪಾಯಸಕ್ಕೆ ಕೈ ಹಾಕಿದ್ದಷ್ಟೆ, ಮಾವ ಏನೋ ನೆನಪಾಗಿ ಒಳಗಿನಿಂದ ಜಗಲಿಗೆ ಬಂದರು. ಆ ಪಿಳ್ಳೆ ಎದ್ದು ನಿಂತಿತು. ಅಂಗೈಯಲ್ಲಿ ಪಾಯಸ, ಮೊಣಕೈವರೆಗೆ ಇಳಿಯುತ್ತ ಇದೆ, ನೆಕ್ಕುವ ಹಾಗಿಲ್ಲ, ಬಿಡುವ ಹಾಗಿಲ್ಲ. ಮಾವ ಒಳಗೆ ಹೋದರು, ಕೂತ. ಮತ್ತೆ ಬಂದರು, ಎದ್ದ. ಮೂರನೆಯ ಸಲ ಮಾವನಿಗೆ ಕೆಲಸವೇನೂ ಇರಲಿಲ್ಲ. ಅವರನ್ನು ಒಳಗಿನಿಂದ ಹೊರಗೆ ಕರೆದದ್ದು ಹನ್ನೊಂದು ವರ್ಷದ ತ್ಯಾಂಪಣ್ಣ, ಅಜ್ಜಿಯ ಸ್ವರದಲ್ಲಿ. ಅಜ್ಜಿಯ ಸ್ವರವನ್ನು ಅವನು ಆಗಲೇ ಕಲಿತಿದ್ದ. ಕಂಬದ ಮರೆಯಲ್ಲಿ ನಿಂತು ಬಾಯಿಗೆ ಕೈ ಇಟ್ಟು ನಕ್ಕಿದ್ದ. ಇಷ್ಟು ವರ್ಷ ಅದು ತಮಾಷೆಯ ಕಥೆಯಾಗಿಯೇ ನೆನಪಿತ್ತು. ಈಗ ಪೌಡರಿನ ಡಬ್ಬಿಗೆ ಕೈ ಹಾಕುವಾಗ ಬೆರಳಿಗೆ ಅಂಟಂಟು ಅನ್ನಿಸಿ ಪಂಚೆಗೆ ಒರೆಸಿಕೊಂಡ.

ಆದರೆ ಲೆಕ್ಕ ಒಂದೇ ಬದಿಯದ್ದೇ? ಎಪ್ಪತ್ತಾರರಲ್ಲಿ ಭೂ ನ್ಯಾಯಮಂಡಳಿಯ ಎದುರು ನಿಂತವರು ಯಾರು? ಮುಚ್ಚಿದ ಕಾಲರಿನ ಕೋಟು ಹಾಕಿ ಹೋಗಿದ್ದ ಮಾವನಿಗೆ ಕೂರಿ ಎಂದು ಯಾರೂ ಹೇಳಲಿಲ್ಲ. ಒಂದು ಗಂಟೆ ನಿಂತರು. ಹಿಂದೆ ತ್ಯಾಂಪಣ್ಣ ನಿಂತಿದ್ದ, ಮಾವನ ಕೋಟಿನ ಬೆನ್ನಿನಲ್ಲಿ ಬೆವರಿನ ಕಲೆ ಅಗಲವಾಗುವುದನ್ನು ನೋಡುತ್ತ. ಮಾಯಿಲಪ್ಪ ಗೌಡ ಅಲ್ಲಿಯೂ ಬೈರಾಸನ್ನು ಕಂಕುಳಲ್ಲಿಟ್ಟು, ಭೂಮಿ ಯಾರು ಗೇಯುವುದು ಎಂದು ಕೇಳಿದರೆ "ಧಣಿಗಳು ಹೇಳಿದ ಹಾಗೆ" ಎಂದ. ಕಾನೂನಿಗೆ ಧಣಿಗಳು ಹೇಳುವುದು ಬೇಕಾಗಿರಲಿಲ್ಲ. ಉಳುವವನೇ ಒಡೆಯ, ಗದ್ದೆ ಮಾಯಿಲಪ್ಪನ ಪಾಲಾಯಿತು. ಆ ತೀರ್ಪು ಸರಿ ಎಂದು ತ್ಯಾಂಪಣ್ಣನ ಓದಿದ ಬುದ್ಧಿಗೆ ಗೊತ್ತಿತ್ತು. ಆಫೀಸಿನ ಚಾ ಹೊತ್ತಿನಲ್ಲಿ ಭೂಸುಧಾರಣೆಯ ಪರವಾಗಿ ಮಾತಾಡಿ ಪ್ರಗತಿಪರ ಎಂಬ ಹೆಸರನ್ನೂ ತೆಗೆದುಕೊಂಡಿದ್ದ. ರಾತ್ರಿ ಮನೆಗೆ ಹೋದರೆ ಅನ್ನ ಸೇರುತ್ತಿರಲಿಲ್ಲ, ಅಷ್ಟೆ. ಎರಡು ಸಲ ಬಡ್ತಿ ತಪ್ಪಿತು, ಅದನ್ನೂ ಸಹಿಸಿದ. ಬೋಜಪ್ಪನ ಬಸ್ಸಿಗೆ ಹತ್ತಿದಾಗ ಅವನು "ಮುಂದೆ ಹೋಗಿ ರೈಗಳೆ, ಒಳಗೆ ಜಾಗ ಉಂಟು" ಎಂದು ಎಲ್ಲರಿಗೆ ಹೇಳಿದ ಸ್ವರದಲ್ಲೇ ಹೇಳಿದನಲ್ಲ, ಅದನ್ನು ಸಹಿಸಲಾಗಲಿಲ್ಲ. ಅವನ ಕೈಯಿಂದ ಒಂದೇ ಒಂದು ಸಲ ಏನಾದರೂ ಗೆಲ್ಲಬೇಕು, ನಲವತ್ತು ಜನರ ಎದುರು. ಗದ್ದೆ ಬೇಡ, ಎರಡು ಅಡಿ ಒಂಬತ್ತು ಇಂಚಿನ ಒಂದು ಹಲಗೆ ಸಾಕು.

ಹಾಗೆ ಮಾವನಿಗೆ ಕಾಗದ ಬರೆದ. ಫೈನಲಿಗೆ ಬಂದಿದ್ದೇನೆ, ನೀವು ಬಂದು ಕೂತರೆ ನನಗೆ ಧೈರ್ಯ. ಸೋದರಮಾವನೂ ಹೌದು, ಹೆಂಡತಿಯ ಅಪ್ಪನೂ ಹೌದು. ಇಷ್ಟು ವರ್ಷಗಳಲ್ಲಿ ತ್ಯಾಂಪಣ್ಣ ಅವರಿಂದ ಧೈರ್ಯ ಕೇಳಿದ್ದು ಇದೇ ಮೊದಲು. ಮುದುಕರು ಕಾಗದವನ್ನು ಮೂರು ಸಲ ಓದಿಸಿಕೊಂಡರಂತೆ. ಕೋಟಿಗೆ ಇಸ್ತ್ರಿ ಹಾಕಿಸಿದರಂತೆ. ಇದನ್ನು ಹೇಳುವಾಗ ವಾರಿಜಾಕ್ಷಿಯ ಕಣ್ಣು ಒದ್ದೆಯಾಗಿತ್ತು, ಅವನು ಪೇಪರು ಅಡ್ಡ ಹಿಡಿದುಕೊಂಡಿದ್ದ.

ಈಗ ಬೋರ್ಡಿನ ಮೇಲೆ ಮೂರೇ ಕಾಯಿ. ರೆಡ್ಡನ್ನು ಬೋಜಪ್ಪ ಆಗಲೇ ತೆಗೆದು ಕವರು ಹಾಕಿ ಆಗಿತ್ತು. ಅವನದು ಎರಡು ಬಿಳಿ, ತ್ಯಾಂಪಣ್ಣನದು ಒಂದು ಕಪ್ಪು. ಪಾಯಿಂಟು ಸಮ ಸಮ, ಈ ಬೋರ್ಡನ್ನು ಯಾರು ಮುಗಿಸಿದರೂ ಬಹುಮಾನದ ಕಪ್ಪು ಅವರಿಗೆ. ಇಲ್ಲಿಯ ತನಕ ಹೇಗೆ ಬಂದೆ ಎಂದು ತ್ಯಾಂಪಣ್ಣನಿಗೇ ಆಶ್ಚರ್ಯ. ಬಾಗಿಲು ನೋಡುತ್ತಲೇ ಆಡಿದ್ದ; ಬಹುಶಃ ಬೋರ್ಡನ್ನು ನೋಡದೆ ಆಡಿದ್ದರಿಂದಲೇ ಕಾಯಿಗಳು ಬಿದ್ದಿದ್ದವು. ತಂತ್ರವೊಂದನ್ನು ಹೂಡಿ ಅದು ಬರುವುದನ್ನು ಕಾಯುತ್ತ ತಾನೇ ಚೆನ್ನಾಗಿ ಆಡಿಬಿಟ್ಟೆನಲ್ಲ ಎಂಬುದು ಒಂದು ತರಹದ ಅವಮಾನದಂತೆ ಕಂಡಿತು. ಈಗಲಾದರೂ ಜೀಪಿನ ಟಯರು ಪಂಚರಾಗಲಿ, ಮಾವ ಬರುವುದು ಬೇಡ, ಹೀಗೆಯೇ ಗೆಲ್ಲುತ್ತೇನೆ ಎಂದು ಒಂದು ಗಳಿಗೆ ನಿಜವಾಗಿ ಬಯಸಿದ. ಬೋಜಪ್ಪ ಸ್ಟ್ರೈಕರನ್ನು ಗೆರೆಯ ಮೇಲೆ ಇಟ್ಟ. ಆಗ ಮೆಟ್ಟಿಲಲ್ಲಿ ಬೆತ್ತದ ಸದ್ದಾಯಿತು.

ಒಂದು, ಎರಡು, ನಿಲ್ಲುವುದು, ಉಸಿರು, ಮತ್ತೆ ಒಂದು. ದುಗ್ಗಪ್ಪ ರೈಗಳು ಬಾಗಿಲಲ್ಲಿ ಕಾಣಿಸಿದರು, ಆ ಕೋಟಿನಲ್ಲಿ. ಅಜ್ಜಾವರದ ಧಣಿ ಯಾರೆಂದು ದರ್ಬೆಯವರಿಗೆ ಗೊತ್ತಿರಬೇಕೆಂದೇನೂ ಇಲ್ಲ. ಮುಂದಿನ ಬೆಂಚಿನಲ್ಲಿದ್ದ ತೀರ್ಥರಾಮ ಕೋಟು ಕಂಡು ಎದ್ದ, ಅವನು ಎದ್ದನೆಂದು ಅವನ ಬೆಂಚು ಎದ್ದಿತು, ಬೆಂಚು ಎದ್ದಿತೆಂದು ಹಿಂದಿನ ಬೆಂಚು. ನಿದ್ದೆಯಲ್ಲಿದ್ದ ಒಬ್ಬರು ರಾಷ್ಟ್ರಗೀತೆ ಎಂದು ತಿಳಿದು ನೆಟ್ಟಗೆ ನಿಂತರು. ಹಮೀದಾಕರೂ ಭೂತಗನ್ನಡಿಯನ್ನು ಹಣೆಗೆ ಏರಿಸಿ ಎದ್ದು ಬಾಗಿಲಿನ ಕಡೆ ತಿರುಗಿ ಸಲಾಂ ಮಾಡಿದರು. ತ್ಯಾಂಪಣ್ಣ ಮಾವನನ್ನು ನೋಡಲಿಲ್ಲ. ಅವನು ಬೋಜಪ್ಪನ ಮೊಣಕಾಲುಗಳನ್ನು ನೋಡುತ್ತಿದ್ದ. ಅವು ಏಳಲು ಹೊರಟಿದ್ದವು. ಹಿಮ್ಮಡಿ ನೆಲ ಬಿಟ್ಟಿತ್ತು, ತೊಡೆ ಬಿಗಿದಿತ್ತು, ಬೆನ್ನು ಅರ್ಧ ಇಂಚು ಮುಂದಕ್ಕೆ ಬಂದಿತ್ತು. ಆಗ ಬೋಜಪ್ಪನ ಎರಡೂ ಕೈಗಳು ಕೆಳಗೆ ಇಳಿದು ಸ್ಟೂಲಿನ ಅಂಚನ್ನು ಹಿಡಿದವು, ಘಟ್ಟದ ತಿರುವಿನಲ್ಲಿ ಕಂಬಿ ಹಿಡಿದ ಹಾಗೆ. ಬೆರಳ ಗಿಣ್ಣು ಬಿಳುಪಾಯಿತು. ಕುತ್ತಿಗೆಯ ನರ ಎದ್ದಿತು, ಅವನು ಏಳಲಿಲ್ಲ. ತಲೆ ತಗ್ಗಿಸಿಯೇ ಇದ್ದ. ಹಣೆಯಿಂದ ಒಂದು ಹನಿ ಬೋರ್ಡಿಗೆ ಬಿದ್ದು ಪೌಡರಿನಲ್ಲಿ ಸಣ್ಣದೊಂದು ಹೊಂಡ ಮಾಡಿತು. ಅಷ್ಟು ಕಷ್ಟಪಟ್ಟು ಯಾರಾದರೂ ಕೂತದ್ದನ್ನು ತ್ಯಾಂಪಣ್ಣ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಆಮೇಲೆ ಬೋಜಪ್ಪ ನಿಧಾನ ತಲೆ ಎತ್ತಿದ. ಬಾಗಿಲಿನ ಕಡೆಗಲ್ಲ, ತ್ಯಾಂಪಣ್ಣನ ಕಡೆಗೆ. ಕೆಳಗಿನಿಂದ ಮೇಲಕ್ಕೆ ನೋಡಿದ. ಯಾಕೆ ಇವನು ಇಷ್ಟು ಕೆಳಗಿನಿಂದ ನೋಡುತ್ತಾನೆ ಎಂದು ತ್ಯಾಂಪಣ್ಣನಿಗೆ ಅರ್ಥವಾಗಲಿಲ್ಲ. ಪಂಚೆಯ ತುದಿ ಕೈಯಲ್ಲಿತ್ತು, ಅದನ್ನು ಕಾಲಿನವರೆಗೆ ಇಳಿಸಿ ಆಗಿತ್ತು. ತಾನು ನಿಂತಿದ್ದೇನೆ. ಯಾವಾಗ ನಿಂತೆ ಎಂದು ನೆನಪಿಲ್ಲ. ಮಾವ ಬಂದರೆ ನಿಲ್ಲುವುದು, ಮೂವತ್ತೈದು ವರ್ಷ ಅದಕ್ಕೆ ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ.

"ಕೂತ್ಕೊಳ್ಳಿ ರೈಗಳೆ," ಎಂದ ಬೋಜಪ್ಪ, ಅವನಿಗೆ ಮಾತ್ರ ಕೇಳುವಷ್ಟು ಸಣ್ಣಕ್ಕೆ. "ಆಟ ಮುಗಿಯಲಿಲ್ಲ."

ತ್ಯಾಂಪಣ್ಣ ಕೂತ. ಹಮೀದಾಕರು ತಿರುಗಿ ಭೂತಗನ್ನಡಿ ಇಳಿಸುವಾಗ ಇಬ್ಬರೂ ಅವರವರ ಸ್ಟೂಲಿನಲ್ಲಿದ್ದರು. ಮಾವನನ್ನು ತೀರ್ಥರಾಮ ಮುಂದಿನ ಬೆಂಚಿಗೆ ಕರೆದು ತಂದ. ಬೋಜಪ್ಪ ಹೊಡೆದ; ಒಂದು ಬಿಳಿ ಹೋಯಿತು. ಎರಡನೆಯದಕ್ಕೆ ಸ್ಟ್ರೈಕರನ್ನು ಗೆರೆಯ ಮೇಲೆ ಎರಡು ಸಲ ಸರಿಸಿ ಇಟ್ಟು ಹೊಡೆದ. ತಪ್ಪಿತು. ಈಗ ತ್ಯಾಂಪಣ್ಣನ ಸರದಿ, ಅವನ ಕಪ್ಪು ಕಾಯಿ ಗುಂಡಿಯ ಬಾಯಲ್ಲೇ ಕೂತಿತ್ತು. ಊದಿದರೆ ಬೀಳುವ ಹಾಗೆ.

ಅವನು ಸ್ಟ್ರೈಕರು ಇಟ್ಟು ಕಾದ. ಈಗ ಹೇಳುತ್ತಾನೆ. ಹಮೀದಾಕ, ಇವರು ಎದ್ದಿದ್ದರು, ಎಂದು ಈಗ ಹೇಳುತ್ತಾನೆ. ಹೇಳಿದರೆ ವಾದಕ್ಕೆ ತ್ಯಾಂಪಣ್ಣ ತಯಾರಿದ್ದ. ನೀವೇ ಎದ್ದಿರಲ್ಲ ಹಮೀದಾಕ, ಅಂಪೈರು ಎದ್ದರೆ ಆಟ ನಿಂತ ಹಾಗೆ ಅಲ್ಲವಾ, ಎಂದು ಕೇಳಬಹುದು. ಬೋಜಪ್ಪ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸುಮ್ಮನೆ ನೋಡುತ್ತಿದ್ದ. ಇದು ದೊಡ್ಡಸ್ತಿಕೆಯೋ, ತಂತ್ರವೋ? ತಂತ್ರವಾದರೆ ಇವನಿಗೆ ಕಲಿಸಿದವರು ಯಾರು? ತಾನಾಗಿಯೇ ಹೇಳಿಬಿಡಲೇ, ಫೌಲು ನನ್ನದು ಎಂದು? ಹೇಳಿದರೆ ಮಾವ ಕೇಳುತ್ತಾರೆ, ಯಾಕೆ ಎದ್ದೆ ಎಂದು. ನೀವು ಬಂದಿರೆಂದು ಎದ್ದೆ ಮಾವ, ಎನ್ನಬೇಕು. ನನ್ನನ್ನು ಕರೆದದ್ದು ನೀನೇ ಅಲ್ಲವಾ ಎನ್ನುತ್ತಾರೆ. ಹೌದು ಮಾವ, ಇವನು ಏಳಲಿ ಎಂದು ಕರೆದೆ. ಹೇಳದೆ ಈ ಕಾಯಿ ಹಾಕಿದರೆ ಬಹುಮಾನದ ಕಪ್ಪು ಮನೆಗೆ ಬರುತ್ತದೆ, ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಅದರ ಎದುರು ನಿಲ್ಲಬೇಕಾಗುತ್ತದೆ. ತಲೆಯಲ್ಲಿ ಐದನೆಯದೊಂದು ಗುಂಡಿ ಬಾಯಿ ತೆರೆದು ಕೂತದ್ದು ಅವನಿಗೆ ಸ್ಪಷ್ಟವಾಗಿ ತಿಳಿಯಿತು, ತಿಳಿದೂ ತಪ್ಪಿಸಿಕೊಳ್ಳಲಾಗಲಿಲ್ಲ. ಹೊಡೆದ. ಸ್ಟ್ರೈಕರು ಕಾಯಿಯ ಪಕ್ಕದಲ್ಲಿ, ಒಂದು ಕೂದಲೆಳೆ ಜಾಗ ಬಿಟ್ಟು, ಒಂಟಿಯಾಗಿ ಗುಂಡಿಗೆ ಬಿತ್ತು.

"ಫೌಲ್," ಎಂದರು ಹಮೀದಾಕರು.

ಬೋಜಪ್ಪನ ಕೊನೆಯ ಕಾಯಿಯೂ ಚಂದಕ್ಕೇನೂ ಬೀಳಲಿಲ್ಲ. ದಂಡೆಗೆ ಬಡಿಯಿತು, ತ್ಯಾಂಪಣ್ಣನ ಕಪ್ಪಿಗೆ ತಾಗಿತು, ಗುಂಡಿಯ ಅಂಚಿನಲ್ಲಿ ಕುಂಟಿತು, ಆಮೇಲೆ ಬೇರೆ ದಾರಿ ಇಲ್ಲ ಎಂಬಂತೆ ಒಳಗೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಬರಬೇಕಾದ ಮುಖ್ಯ ಅತಿಥಿಗಳು ಬಂದಿರಲಿಲ್ಲ. ತೀರ್ಥರಾಮನಿಗೆ ಕೋಟು ಕಂಡದ್ದು ಅನುಕೂಲವಾಯಿತು. ಹಿರಿಯರೂ ಕಲಾಪೋಷಕರೂ ಕ್ರೀಡಾಪ್ರೇಮಿಗಳೂ ಆದ, ಎಂದು ತನಗೆ ಗೊತ್ತಿದ್ದ ವಿಶೇಷಣಗಳನ್ನೆಲ್ಲ ಹೊದೆಸಿ ದುಗ್ಗಪ್ಪ ರೈಗಳ ಕೈಗೆ ಬಹುಮಾನದ ಕಪ್ಪು ಕೊಟ್ಟ. ಅವರು ಅದನ್ನು ಬೋಜಪ್ಪನಿಗೆ ಕೊಟ್ಟರು. ನೀನು ಮಾಯಿಲನ ಮಗ ಅಲ್ಲವಾ ಎಂದು ಕೇಳಿದರು, ಅಪ್ಪ ಸೌಖ್ಯವಾ ಎಂದು ಕೇಳಿದರು. ಆಮೇಲೆ ಸಭೆಯ ಕಡೆ ತಿರುಗಿ ಬೆತ್ತ ಊರಿದರು.

"ನಾನು ಆಟ ಗೊತ್ತಿದ್ದವನಲ್ಲ. ಆದರೆ ಕಣ್ಣು ಉಂಟು. ಗುಂಡಿಯ ಬಾಯಲ್ಲಿದ್ದ ಆ ಕಾಯಿಯನ್ನು ನಮ್ಮ ತ್ಯಾಂಪ ಕಣ್ಣು ಮುಚ್ಚಿ ಹಾಕಬಹುದಿತ್ತು. ಹಾಕಲಿಲ್ಲ. ಬಿಟ್ಟುಕೊಟ್ಟ." ಮುದುಕರು ಬೆತ್ತವನ್ನು ಇನ್ನೊಂದು ಸಲ ಊರಿದರು. "ಬಿಟ್ಟುಕೊಟ್ಟು ನಮಗೆ ಅಭ್ಯಾಸ."

ಈ ಸಲದ ಚಪ್ಪಾಳೆ ಬೋಜಪ್ಪನ ಗೆಲುವಿಗೆ ಬಿದ್ದದ್ದಕ್ಕಿಂತ ಜೋರಾಗಿತ್ತು. ಯಾರೋ ಬೆನ್ನು ತಟ್ಟಿದರು. ಅಚ್ಚುತ ಬಂದು ಕೈ ಕುಲುಕಿ, ನಾನು ನಿಮ್ಮನ್ನು ತಪ್ಪು ತಿಳಿದಿದ್ದೆ ಮಾರಾಯ್ರೆ ಎಂದ. ಅಲ್ಲ, ಹಾಗಲ್ಲ, ಅದು ತಪ್ಪಿದ್ದು, ಎಂದು ಹೇಳಲು ತ್ಯಾಂಪಣ್ಣ ಬಾಯಿ ತೆರೆದ. ತೆರೆದ ಬಾಯಲ್ಲಿ ಮಾತಿನ ಬದಲು ಒಂದು ನಗು ಬಂದು ಕೂತಿತು. ಸಣ್ಣದು, ವಿನಯದ್ದು, ಹೊಗಳಿಸಿಕೊಳ್ಳಲು ಇಷ್ಟವಿಲ್ಲದವನದ್ದು. ಅದನ್ನು ಅವನು ಕರೆದಿರಲಿಲ್ಲ. ಬಂದದ್ದನ್ನು ಓಡಿಸಲೂ ಇಲ್ಲ. ಗೆದ್ದಿದ್ದರೂ ಇಷ್ಟು ಸಿಗುತ್ತಿರಲಿಲ್ಲ ಎಂದು ಒಳಗಿನ ಗುಮಾಸ್ತ ಆಗಲೇ ಷರಾ ಬರೆಯುತ್ತಿದ್ದ.

ಬೋಜಪ್ಪ ಕಪ್ಪು ಹಿಡಿದು ನಿಂತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಟಿಕೇಟು ತೆಗೆದುಕೊಳ್ಳದೆ ಕೂತವನನ್ನು ಗುರುತಿಸಿದ ಕಂಡಕ್ಟರನ ತಾಳ್ಮೆ ಇತ್ತು. ಅವನು ಕಪ್ಪನ್ನು ಹಮೀದಾಕರ ಕೈಗೆ ಕೊಟ್ಟು ವಾಪಸು ಹೋಗಿ ತನ್ನ ಸ್ಟೂಲಿನಲ್ಲಿ ಕೂತ. ಕಪ್ಪು ಬಿಳಿ ಕಾಯಿಗಳನ್ನು ಒಂದೊಂದಾಗಿ ನಡುವಿನ ವೃತ್ತದಲ್ಲಿ ಜೋಡಿಸಿದ. ರೆಡ್ಡನ್ನು ಮಧ್ಯಕ್ಕೆ ಇಟ್ಟ. ಮೆಟ್ಟಿಲ ಕಡೆ ಹೊರಟಿದ್ದ ಜನ ನಿಂತರು.

"ಇನ್ನೊಂದು ಬೋರ್ಡು ಆಡುವ," ಎಂದ. "ಬಿಡದೆ ಆಡಿ. ಧಣಿಗಳೂ ನೋಡ್ಲಿ."

ದುಗ್ಗಪ್ಪ ರೈಗಳಿಗೆ ಬಹಳ ಸಂತೋಷವಾಯಿತು. ಬೆಂಚಿನಲ್ಲಿ ಸರಿಯಾಗಿ ಕೂತು, ಬೆತ್ತವನ್ನು ತೊಡೆಗಳ ನಡುವೆ ಇಟ್ಟು, "ಆಡು ತ್ಯಾಂಪ," ಎಂದರು, "ಈ ಸಲ ದಾಕ್ಷಿಣ್ಯ ಬೇಡ." ಹಮೀದಾಕರು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರು. ತ್ಯಾಂಪಣ್ಣ ತನ್ನ ಸ್ಟೂಲಿನ ಹತ್ತಿರ ಬಂದ. ಈಗ ಆಡಿ ಸೋತರೆ ಆ ಬಿಟ್ಟುಕೊಟ್ಟದ್ದೂ ಸುಳ್ಳೆಂದು ಎಲ್ಲರಿಗೂ ತಿಳಿಯುತ್ತದೆ. ಬೆರಳು ನೋಯುತ್ತದೆ ಎನ್ನಬಹುದು, ಮಾವನಿಗೆ ಘಟ್ಟದ ದಾರಿಯಲ್ಲಿ ಕತ್ತಲಾಗುತ್ತದೆ ಎನ್ನಬಹುದು. ಆದರೆ ಅಜ್ಜಾವರದ ದಾರಿಯಲ್ಲಿ ಘಟ್ಟವೇ ಇಲ್ಲ, ಮಾವನಿಗೆ ಅದು ಗೊತ್ತು, ಬೋಜಪ್ಪನಿಗೆ ಅದು ಇನ್ನೂ ಚೆನ್ನಾಗಿ ಗೊತ್ತು. ಮ್ಯಾನೇಜರರ ಸ್ವರ, ಅಜ್ಜಿಯ ಸ್ವರ, ಎಲ್ಲರ ಸ್ವರ ಗಂಟಲಲ್ಲಿ ಸಿದ್ಧವಿತ್ತು, ತನ್ನದೊಂದು ಬಿಟ್ಟು. ಕಾಲು ಜೋಮು ಹಿಡಿದಿದೆ ಎಂದು ಕೊನೆಗೆ ಯಾರಿಗೂ ಅಲ್ಲದ ಹಾಗೆ ಹೇಳಿ, ಸ್ಟೂಲಿನ ಮೇಲೆ ಕೈಯೂರಿ ನಿಂತೇ ಇದ್ದ. ಬೋಜಪ್ಪ ಪೌಡರು ಉದುರಿಸಿ, ಅಂಗೈಯಲ್ಲಿ ಸವರಿ, ಕಾದ. ಕೂತ್ಕೊಳ್ಳಿ ಎಂದು ಈ ಸಲ ಅವನು ಹೇಳಲಿಲ್ಲ.